ಫೆಸ್ಟಸ್ ರುವಾನನ ಮನೆಗೆ ಬಂದ ಹುಲ್ಲಿನವನು

ನಾಕ್‌ಡರ್ರಿಯ ಗಾಳಿ ಅಂತಿಂಥ ಗಾಳಿಯಲ್ಲ. ಸಮುದ್ರದ ಕಡೆಯಿಂದ ಎದ್ದು ಬರುವ ಆ ಗಾಳಿ ಒಮ್ಮೆ ಪಾದ್ರಿಯ ಭಾನುವಾರದ ಪ್ರಸಂಗವನ್ನು ಅರ್ಧಕ್ಕೇ ಎತ್ತಿಕೊಂಡು ಹೋಗಿ ಪಕ್ಕದೂರಿನ ಹೆಂಡದಂಗಡಿಯೊಳಗೆ ಸುರಿದಿತ್ತು. ಅಲ್ಲಿ ಕೂತಿದ್ದ ಮೂವರು ಅಂದೇ ಕುಡಿತ ಬಿಟ್ಟರು. ಅಂಥ ಗಾಳಿಯ ಬಾಯಿಯನ್ನೂ ಮುಚ್ಚಿಸಿ ಮಾತಾಡಬಲ್ಲ ಗಂಡು ಇಡೀ ಮೇಯೋ ಸೀಮೆಯಲ್ಲಿ ಇದ್ದದ್ದು ಒಬ್ಬನೇ. ಅವನೇ ಮೈಲ್ಸ್ ಗಾಹನ್.

ಇಂಗ್ಲಿಷರ ಮೇಲೆ ದೇಶ ತಿರುಗಿ ಬಿದ್ದ ಕಾಲದಲ್ಲಿ ಮೈಲ್ಸ್ ಬಂಡಾಯಗಾರರ ನಾಕ್‌ಡರ್ರಿ ದಳದ ಉಪನಾಯಕನಾಗಿದ್ದ. ಕ್ಯಾರಿಗ್ ಸೇತುವೆಯ ಬಳಿ ಹೊಂಚು ಹಾಕಿ ಇಂಗ್ಲಿಷ್ ಸೈನಿಕರ ಲಾರಿ ಸುಟ್ಟ ಪ್ರಸಿದ್ಧ ಪ್ರಸಂಗದಲ್ಲಿ ಅವನಿದ್ದ. ಆಗ ಸುಟ್ಟದ್ದು ಒಂದು ಲಾರಿ. ಆದರೆ ಒಳ್ಳೆಯ ದನದ ಹಾಗೆ ಆ ಲಾರಿ ವರ್ಷ ವರ್ಷವೂ ಕರು ಹಾಕುತ್ತ ಬಂದು, ಸಾವಿರದೊಂಬೈನೂರ ಅರವತ್ತೊಂದರ ಚಳಿಗಾಲದ ಹೊತ್ತಿಗೆ ಏಳಾಗಿತ್ತು. ಹಿಂದಿನ ಕ್ರಿಸ್ಮಸ್‌ಗೆ ಒಂದು ವಿಮಾನವೂ ಸೇರಿಕೊಂಡಿತು. ಅದನ್ನು ಮೈಲ್ಸ್ ಮೀನಿನ ಗಾಳ ಎಸೆದು ಕೆಳಗಿಳಿಸಿದ್ದ.

ಈ ವಿಮಾನದ ಕತೆಯನ್ನು ಅವನು ಮೇ ಟೂಲನ್ ಎಂಬ ವಿಧವೆಯ ಹೆಂಡದಂಗಡಿಯಲ್ಲಿ ಮೊದಲ ಸಲ ಹೇಳಿದಾಗ ಅಲ್ಲಿದ್ದವರೆಲ್ಲ ಬಾಯಿ ತೆರೆದು ಕೇಳಿದರು.

“ದೇವರೇ! ಎಂಥಾ ಎದೆಗಾರಿಕೆ ನಿಮ್ದು, ಗಾಹನ್ನೋರೇ!” ಎಂದ ಹೊಸದಾಗಿ ಬಂದಿದ್ದ ಶಾಲೆಯ ಮೇಷ್ಟ್ರು.

“ಗಾಳಕ್ಕೆ ಏನು ಕಟ್ಟಿದ್ರಿ?” ಎಂದು ಕಮ್ಮಾರ ಅತ್ಯಂತ ಭಕ್ತಿಯಿಂದ ಕೇಳಿದ.

ಮೈಲ್ಸ್ ಲೋಟ ಕೆಳಗಿಟ್ಟ. ಅವನಿಗೆ ಅಳು ಬರುವಂತಾಯಿತು. ಒಬ್ಬನಾದರೂ, ಒಬ್ಬನೇ ಒಬ್ಬನಾದರೂ, ‘ಥೂ ಸುಳ್ಳ’ ಅನ್ನಬಾರದೇ? ಕೂತವರಲ್ಲಿ ಅರ್ಧ ಜನ ಆ ಲಾರಿ ಸುಟ್ಟಾಗ ಹುಟ್ಟಿಯೇ ಇರಲಿಲ್ಲ; ಉಳಿದವರು ಆಗ ಹಾಸಿಗೆಯ ಕೆಳಗಿದ್ದರು. ದಳದ ಹುಡುಗರಲ್ಲಿ ಕೆಲವರು ಇಗರ್ಜಿಯ ಹಿಂದೆ ಮಲಗಿದ್ದರು, ಕೆಲವರು ಬಾಸ್ಟನ್ನಿನ ಮಣ್ಣಲ್ಲಿ. ನಡೆದದ್ದನ್ನು ನಡೆದಂತೆ ಬಲ್ಲವರು ಭೂಮಿಯ ಮೇಲೆ ಉಳಿದಿದ್ದದ್ದು ಇಬ್ಬರು. ಒಬ್ಬ ಮೈಲ್ಸ್. ಇನ್ನೊಬ್ಬ ಹೊಳೆಯಾಚೆಯ ಫೆಸ್ಟಸ್ ರುವಾನ್, ದಳದ ನಾಯಕ. ಆ ಫೆಸ್ಟಸ್ ಮೈಲ್ಸನೊಂದಿಗೆ ಮಾತು ಬಿಟ್ಟು ಮೂವತ್ತೆಂಟು ವರ್ಷವಾಗಿತ್ತು.

ಹಾಗಾದರೆ ಮಾತಿದ್ದ ಕಾಲ ಹೇಗಿತ್ತು! ಬೆಟ್ಟದ ಹೊಟ್ಟೆಯಲ್ಲಿ ಇಬ್ಬರೂ ಸೇರಿ ತೋಡಿದ ಬಿಲವೊಂದಿತ್ತು. ಮೇಲೆ ಹಸಿರು ಹುಲ್ಲಿನ ಹೊದಿಕೆ, ಒಳಗೆ ಒಂದೇ ಕಂಬಳಿ. ಫೆಸ್ಟಸ್ ಉದ್ದನೆಯ ಮನುಷ್ಯ, ಅವನ ಕಾಲು ಕಂಬಳಿಯಾಚೆ ಹೋಗಿ, ಬಿಲದಾಚೆ ಹೋಗಿ, ಬೆಳಗಾಗುವಷ್ಟರಲ್ಲಿ ಪಕ್ಕದ ತಾಲೂಕು ಸೇರಿರುತ್ತಿತ್ತು. ಫೆಸ್ಟಸನ ತಾಯಿ ಮಬ್ಬು ಬೆಳಕಿನಲ್ಲಿ ಬೆಟ್ಟ ಹತ್ತಿ ಬಂದು ಸೋಡಾ ರೊಟ್ಟಿ, ಬೆಣ್ಣೆ, ಬೇಯಿಸಿದ ಆಲೂಗಡ್ಡೆ ಇಟ್ಟು ಹೋಗುತ್ತಿದ್ದಳು. ದೊಡ್ಡ ರೊಟ್ಟಿಯನ್ನು ಮೈಲ್ಸನಿಗೆ ಕೊಡುತ್ತಿದ್ದಳು, ಮಾತಾಡಿ ಮಾತಾಡಿ ಹುಡುಗ ಸೊರಗಿದ್ದಾನೆ ಎಂದು. ಮೈಲ್ಸ್ ಸುತ್ತಲ ಊರುಗಳನ್ನು ಅಡ್ಡಾಡಿ ಬಂದು ವರದಿ ಒಪ್ಪಿಸುತ್ತಿದ್ದ: “ಬ್ಯಾರಕ್ಸಲ್ಲಿ ಅರವತ್ತು ಜನ ಸೈನಿಕರು, ಒಬ್ಬೊಬ್ಬನೂ ಬಾಗಿಲಷ್ಟು ಅಗಲ!” ಕತ್ತಲ ಮೂಲೆಯಿಂದ ಫೆಸ್ಟಸನ ಒಣ ದನಿ ಬರುತ್ತಿತ್ತು: “ಅರ್ಧ.” ಮೈಲ್ಸ್ ಪ್ರತಿಭಟಿಸುತ್ತಿದ್ದ. “ಇನ್ನೂ ಅರ್ಧ,” ಎನ್ನುತ್ತಿದ್ದ ಫೆಸ್ಟಸ್. ಹುಡುಗರು ನಕ್ಕು ನಕ್ಕು ಬೆಟ್ಟ ಅಲುಗುತ್ತಿತ್ತು. ಅಷ್ಟು ಇಳಿಸಿದ ಲೆಕ್ಕ ಪ್ರತಿ ಸಲವೂ ಸರಿಯಾಗಿಯೇ ಇರುತ್ತಿತ್ತು. ಮೈಲ್ಸ್ ಕಣ್ಣಾದರೆ ಫೆಸ್ಟಸ್ ತಕ್ಕಡಿ. ಇಬ್ಬರೂ ಸೇರಿ ಒಬ್ಬ ಪೂರ್ತಿ ನಾಯಕ.

ಆಮೇಲೆ ಒಪ್ಪಂದ ಬಂತು. ಇಂಗ್ಲಿಷರು ಹೋದರು, ಆದರೆ ಪೂರ್ತಿ ಹೋಗಲಿಲ್ಲ. ಉತ್ತರದ ಒಂದಿಷ್ಟು ಜಿಲ್ಲೆ ಅವರ ಕೈಯಲ್ಲೇ ಉಳಿಯಿತು, ಅರಸನ ಹೆಸರೆತ್ತಿ ಪ್ರಮಾಣ ಮಾಡುವುದೂ ಉಳಿಯಿತು. ‘ಸಿಕ್ಕಷ್ಟು ಹಿಡ್ಕೊಳ್ಳೋಣ’ ಅಂದ ಫೆಸ್ಟಸ್. ‘ಪೂರ್ತಿ ಬೇಕು, ಮೇಲೆ ಕೊಸರೂ ಬೇಕು’ ಅಂದ ಮೈಲ್ಸ್. ಬಂಡಾಯದ ನಾಯಕರೆಲ್ಲ ಊರೂರಲ್ಲೂ ಹೀಗೇ ಎರಡಾಗಿ, ಒಂದೇ ಬಟ್ಟಲಲ್ಲಿ ಉಂಡವರು ಒಬ್ಬರಿಗೊಬ್ಬರು ಬಂದೂಕು ಹಿಡಿದರು. ಫೆಸ್ಟಸ್ ಹೊಸ ಸರಕಾರದ ಹಸಿರು ಸಮವಸ್ತ್ರ ತೊಟ್ಟು ಬಂದು, ತಾವಿಬ್ಬರೂ ತೋಡಿದ ಬಿಲಕ್ಕೇ ಕೈ ಹಾಕಿ, ಮೈಲ್ಸನನ್ನು ಕಾಲು ಹಿಡಿದು ಎಳೆದು ಬಂಧಿಸಿದ. ಒಂದು ವರ್ಷ ಸೆರೆಯಲ್ಲಿದ್ದು ಬಂದ ಮೈಲ್ಸ್ ಇಗರ್ಜಿಯ ಬಾಗಿಲಲ್ಲಿ ಇಡೀ ಊರಿನೆದುರು ಫೆಸ್ಟಸನಿಗೆ “ಅರಸನ ನಾಯಿ” ಎಂದು ಕೂಗಿದ. ಫೆಸ್ಟಸನ ತಾಯಿ ಮಗನ ತೋಳು ಹಿಡಿದು ನಿಂತಿದ್ದಳು. ಆ ಚಳಿಗಾಲದಲ್ಲೇ ಅವಳು ತೀರಿಕೊಂಡಳು. ಮೈಲ್ಸ್ ಗಾಹನ್ನನೊಡನೆ ಒಂದು ಮಾತೂ ಆಡುವುದಿಲ್ಲವೆಂದು ಫೆಸ್ಟಸ್ ಅವಳ ಸಮಾಧಿಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಫೆಸ್ಟಸ್ ಆಣೆ ಮಾಡಿದನೆಂದರೆ ಮುಗಿಯಿತು. ಅಮಾವಾಸ್ಯೆ ಹುಣ್ಣಿಮೆಗಳು ತಪ್ಪಿಯಾವು, ಅವನ ಆಣೆ ತಪ್ಪದು. ಒಮ್ಮೆ ಮೈಲ್ಸನ ಬಣವೆಗೆ ಬೆಂಕಿ ಬಿದ್ದಾಗ ಎಲ್ಲರಿಗಿಂತ ಮೊದಲು ಬಕೆಟ್ ಹಿಡಿದು ಓಡಿ ಬಂದವನು ಅವನೇ. ಬೆಂಕಿ ಆರಿಸಿದ, ಬಕೆಟ್ ಮಗುಚಿಟ್ಟ, ಹೋದ.

ಈಗ ಆ ಫೆಸ್ಟಸನ ಎದೆಯಲ್ಲಿ ಆ ಕಾಲದ ಜೌಗುನೆಲದ ತೇವ ಎದ್ದು ಕೂತಿತ್ತು. ಬೇಸಿಗೆ ಕಾಣುವುದು ಅನುಮಾನ ಎಂದಿದ್ದ ವೈದ್ಯ. ನಲವತ್ತು ದಿನದ ಉಪವಾಸದ ತಪಸ್ಸುಕಾಲ ಶುರುವಾದರೆ ಮದುವೆ ಮಾಡುವಂತಿಲ್ಲವೆಂದು, ಅದರ ಮೊದಲ ದಿನವಾದ ವಿಭೂತಿ ಬುಧವಾರಕ್ಕೆ ಮುಂಚೆಯೇ ಕೊನೆಯ ಮಗಳು ವಿನ್ನಿಯ ಮದುವೆ ಗೊತ್ತಾಯಿತು. ಊರಿಗೆಲ್ಲ ಕರೆ ಹೋಯಿತು. ಗಾಹನ್ನರ ಮನೆಯೊಂದಕ್ಕೆ ಹೋಗಲಿಲ್ಲ.

“ಅವನು ಸತ್ತೋದ್ರೆ ನನ್ ಗತಿ ಏನೇ ಡೆಲಿಯಾ?” ಎಂದ ಮೈಲ್ಸ್ ಹೆಂಡತಿಗೆ, ಒಲೆಯ ಮುಂದೆ ಕೂತು.

“ನಿನ್ ಗತಿಗೇನಾಗಿದೆ? ಇನ್ನು ವಿಮಾನದ ಜೊತೆ ಹಡಗೂ ಇಳಿಸ್ಬಹುದು. ಕೇಳೋರಿಲ್ಲ.”

“ಅದೇ ಕಣೇ! ಕೇಳೋರಿಲ್ಲ!” ಮೈಲ್ಸ್ ತೊಡೆ ಬಡಿದುಕೊಂಡ. “ಎಲ್ರೂ ನಂಬ್ತಾರೆ. ನಂಬಿ ನಂಬಿ ಸಾಯಿಸ್ತಾರೆ. ಒಂದು ಸಲ ಅವನ ಬಾಯಲ್ಲಿ ‘ಸುಳ್ಳ’ ಅನ್ನಿಸ್ಕೊಂಡು ಬಿಟ್ರೆ ಸಾಕು, ನಾನು ನೆಮ್ಮದಿಯಾಗಿ ಇರ್ತೀನಿ.”

“ನಾನಂತೀನಲ್ಲ ದಿನಾ?”

“ನೀನು ಅಲ್ಲಿರ್ಲಿಲ್ವಲ್ಲೇ.”

ಡೆಲಿಯಾ ಜೌಗುನೆಲದಿಂದ ಕಡಿದು ಒಣಗಿಸಿದ ಉರುವಲಿನ ಹೆಂಟೆಯೊಂದನ್ನು ಒಲೆಗೆ ಹಾಕಿದಳು. “ಕರೀದೆ ಮದ್ವೆಗೆ ಹೋಗೋರು ಹುಲ್ಲು ಸುತ್ಕೊಂಡು ಹೋಗ್ತಾರಪ್ಪ,” ಎಂದಳು, ಯಾರಿಗೂ ಅಲ್ಲವೆಂಬಂತೆ.

ಅದು ಆ ಸೀಮೆಯ ಪದ್ಧತಿ. ಮದುವೆಯ ಮನೆಗೆ ಕರೆಯದವರ ಒಂದು ಗುಂಪು ಮೈಗೆಲ್ಲ ಓಟ್ಸ್ ಹುಲ್ಲಿನ ಅಂಗಿ, ತಲೆಗೆ ಗದ್ದದವರೆಗೂ ಇಳಿಯುವ ಗೋಪುರದಂಥ ಹುಲ್ಲಿನ ಮುಖವಾಡ ಹಾಕಿ ಬರುತ್ತದೆ. ಅವರನ್ನು ತಡೆಯುವಂತಿಲ್ಲ, ಹೆಸರು ಕೇಳುವಂತಿಲ್ಲ, ಗುರುತು ಹತ್ತಿದರೂ ಬಾಯಿ ಬಿಡುವಂತಿಲ್ಲ. ಅವರು ಉಸಿರನ್ನು ಒಳಗೆಳೆಯುತ್ತ ವಿಚಿತ್ರ ದನಿಯಲ್ಲಿ ಮಾತಾಡಬೇಕು, ಮುಖ ತೋರಿಸಬಾರದು. ಅವರ ಮುಖಂಡ ವಧುವಿನ ಜೊತೆ ಒಂದು ಕುಣಿತ ಕುಣಿದರೆ ಮದುವೆಗೆ ಶುಭ. ಬಂಡಾಯದ ಕಾಲದಲ್ಲಿ ಒಂದು ಮದುವೆಯಲ್ಲಿ ಫೆಸ್ಟಸ್, ಮೈಲ್ಸ್ ಇಬ್ಬರೂ ಹುಲ್ಲಿನೊಳಗೆ ಕುಣಿಯುತ್ತಿದ್ದಾಗ ಇಂಗ್ಲಿಷ್ ಅಧಿಕಾರಿಯೊಬ್ಬ ನುಗ್ಗಿ, ‘ಯಾರಿವರು?’ ಎಂದು ಗದರಿದ್ದ. ಮನೆಯ ಅಜ್ಜಿ ಬೈಬಲ್ಲಿನ ಮೇಲೆ ಕೈಯಿಟ್ಟು, “ಯಾರೂ ಅಲ್ಲ ಸ್ವಾಮಿ, ಹುಲ್ಲಿನವರು” ಎಂದಿದ್ದಳು. ಸುಳ್ಳೆಂದು ದೇವರೂ ಹೇಳುವಂತಿರಲಿಲ್ಲ. ಫೆಸ್ಟಸ್ ಆ ಅಧಿಕಾರಿಯ ಬೂಟಿನ ಮೇಲೇ ಕಾಲಿಟ್ಟು ಕುಣಿದ. ಹುಲ್ಲಿನೊಳಗೆ ಅಡಗಿಸಿದ ಬಂದೂಕು ತಾಳ ಹಾಕುತ್ತಿತ್ತು.

ಮೈಲ್ಸ್ ಮರುದಿನವೇ ಅಂಚೆಯ ಟಾಮ್ ಲಾಂಗನ್ ಬಳಿ ಹೋದ. ಆ ವರ್ಷದ ಹುಲ್ಲಿನವರಿಗೆ ಟಾಮನೇ ಮುಖಂಡ.

“ನಿಮಗೆ ಎಷ್ಟು ವಯಸ್ಸು, ಮೈಲ್ಸಣ್ಣ?”

“ಹುಲ್ಲಿಗೆಂಥಾ ವಯಸ್ಸೋ? ನಾನು ಕುಣಿದ್ರೆ ನೆಲ ಬಿರುಕು ಬಿಡುತ್ತೆ.”

“ಬಿರುಕು ಬಿಡೋದು ನಿಮ್ ಸೊಂಟ,” ಎಂದ ಟಾಮ್. ಆದರೆ ಮುಖಂಡ ಹಿಡಿಯುವ ಕೋಲನ್ನು ಅವನ ಕೈಗಿಟ್ಟ.

ಮದುವೆಯ ದಿನ ಸಂಜೆ ಫೆಸ್ಟಸನ ಮನೆಯೊಳಗೆ ಎಷ್ಟು ಜನ ತುಂಬಿದ್ದರೆಂದರೆ, ಗೋಡೆಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಪಿಟೀಲು ಹೊಗೆ ಬರುವಂತೆ ಮೊರೆಯುತ್ತಿತ್ತು. ಬಾಗಿಲಿಗೆ ಮೂರು ಸಲ ಕೋಲು ಬಡಿದು ಹುಲ್ಲಿನವರು ಒಳಗೆ ಬಂದಾಗ ಹೆಂಗಸರು ಕಿರುಚಿ, ಮಕ್ಕಳು ಮೇಜಿನಡಿ ತೂರಿ, ಜಾಗ ಬಿಟ್ಟರು. ಮುಂದಿದ್ದ ಹುಲ್ಲಿನವನು ಎಡಗಾಲು ಎಳೆಯುತ್ತಿದ್ದ. ಅವನ ಹೊಟ್ಟೆ ಹುಲ್ಲಿಗಿಂತ ಒಂದು ಗೇಣು ಮುಂದಿತ್ತು. ಯಾರೆಂದು ಎಲ್ಲರಿಗೂ, ಮೇಜಿನಡಿಯ ಮಕ್ಕಳಿಗೂ, ಒಲೆ ಪಕ್ಕದ ಬೆಕ್ಕಿಗೂ ಆ ಕ್ಷಣವೇ ತಿಳಿಯಿತು. ಯಾರೂ ತುಟಿ ಪಿಟಕ್ ಎನ್ನಲಿಲ್ಲ.

ವಿನ್ನಿ ಅವನ ಕೈ ಹಿಡಿದು ಕುಣಿದಳು. ಮೈಲ್ಸ್ ಕುಣಿದ ಕುಣಿತಕ್ಕೆ ಅಟ್ಟದ ಈರುಳ್ಳಿಗಳು ಸಿಪ್ಪೆ ಬಿಚ್ಚಿಕೊಂಡು ಕೆಳಗಿಳಿದವು. ಆದರೆ ಅವನ ಕಣ್ಣು ಹುಲ್ಲಿನ ಸಂದಿನಿಂದ ಒಲೆ ಪಕ್ಕದ ಕುರ್ಚಿಯ ಮೇಲೇ ಇತ್ತು. ಅಲ್ಲಿ ಫೆಸ್ಟಸ್ ಕಂಬಳಿ ಹೊದ್ದು ಕೂತಿದ್ದ. ಆ ಉದ್ದನೆಯ ಮನುಷ್ಯ ಎಷ್ಟು ಸಣ್ಣಗಾಗಿದ್ದ! ಮೈಲ್ಸನಿಗೆ ಇದೊಂದನ್ನು ಯಾರ ಮುಂದೆಯೂ ಹಿಗ್ಗಿಸಿ ಹೇಳಲಾಗುವುದಿಲ್ಲ ಅನ್ನಿಸಿತು.

ಕುಣಿತ ಮುಗಿಯಿತು. ಫೆಸ್ಟಸ್ ಬೆರಳೆತ್ತಿದ.

“ಹುಲ್ಲಿನವನೇ. ಬಾ ಇಲ್ಲಿ.”

ಮೈಲ್ಸ್ ಹೋದ. ಸ್ಟೂಲಿನ ಮೇಲೆ ಕೂತ.

“ಯಾವ ಕಡೆಯೋನು ನೀನು?”

“ಬೆಟ್ಟದಾಚೆ,” ಎಂದ ಮೈಲ್ಸ್, ಉಸಿರು ಒಳಗೆಳೆದು.

“ಆ ಕಡೆ ಮೈಲ್ಸ್ ಗಾಹನ್ ಅಂತ ಒಬ್ಬ ಇದ್ನಲ್ಲ, ಬದುಕಿದಾನಾ?”

“ಬದುಕಿದಾನೆ. ದೊಡ್ಡ ವೀರ ಅಂತಾರೆ. ನೋಡೋಕೂ ಬಲು ಲಕ್ಷಣ.”

“ಹಾಗಾದ್ರೆ ಬೇರೆ ಯಾರೋ ಇರ್ಬೇಕು. ನಾನು ಕೇಳಿದ್ದು ಒಬ್ಬ ಬಾಯಿಬಡುಕನ್ನ.”

ಮನೆಯಲ್ಲಿ ಮಾತು ನಿಂತುಹೋಯಿತು. ಪಿಟೀಲಿನವನು ಮಾತ್ರ, ಜಾಣ, ಮೆಲ್ಲಗೆ ಬಾರಿಸುತ್ತಲೇ ಇದ್ದ.

“ಕ್ಯಾರಿಗ್ ಸೇತುವೇಲಿ ಏಳು ಲಾರಿ ಸುಟ್ಟನಂತಲ್ಲ ಅವ್ನು?” ಎಂದ ಮೈಲ್ಸ್.

“ಅರ್ಧ.”

“ಮೂರೂವರೆ ಲಾರೀನಾ?”

“ಇನ್ನೂ ಅರ್ಧ ಮಾಡ್ತಾ ಹೋಗು, ನಿಲ್ಬೇಡ. ಇದ್ದಿದ್ದು ಒಂದು. ಅದೂ ಕೆಟ್ಟು ತಾನಾಗೇ ನಿಂತಿತ್ತು. ನಿನ್ ಗಾಹನ್ ಬೆಂಕಿಕಡ್ಡಿ ಗೀರೋಕೆ ಹೋಗಿ ತನ್ ಮೀಸೆ ಸುಟ್ಕೊಂಡ.”

“ಮತ್ತೆ ವಿಮಾನ?”

“ವಿಮಾನವಾ?” ಫೆಸ್ಟಸನ ಹುಬ್ಬು ಮೇಲೇರಿತು. “ಅದು ಬಾತುಕೋಳಿ. ಸುಳ್ಳ! ಆವತ್ತೂ ಸುಳ್ಳ, ಇವತ್ತೂ ಸುಳ್ಳ!”

ಆ ಮಾತು ಮೈಲ್ಸನ ಕಿವಿಗೆ ಬಿದ್ದದ್ದೇ ತಡ, ಮೂವತ್ತೆಂಟು ವರ್ಷದ ಬರಗಾಲಕ್ಕೆ ಒಂದೇ ಸಲ ಮಳೆ ಹುಯ್ದಂತಾಯಿತು. ಹುಲ್ಲಿನೊಳಗೆ ಅವನು ಅತ್ತ ಅಳುವಿಗೆ ಮುಖವಾಡದ ಕೆಳಗಿನಿಂದ ಹೊಸ ಓಟ್ಸ್ ಮೊಳಕೆ ಒಡೆಯಬೇಕಿತ್ತು. ಫೆಸ್ಟಸ್ ನಗುತ್ತಿದ್ದ, ಕೆಮ್ಮುತ್ತಿದ್ದ, ಮತ್ತೆ ನಗುತ್ತಿದ್ದ. ತನ್ನ ಕೈಯಾರೆ ವಿಸ್ಕಿ ಬಗ್ಗಿಸಿ ಲೋಟವನ್ನು ಅವನ ಮುಂದೆ ಹಿಡಿದ.

ಹುಲ್ಲಿನವರು ಹೇಗೆ ಕುಡಿಯಬೇಕೆಂದು ಆ ಸೀಮೆಯ ಕೂಸಿಗೂ ಗೊತ್ತು. ಮುಖವಾಡದ ಅಂಚು ಬೆರಳಷ್ಟು ಎತ್ತಿ, ಗೋಡೆಗೆ ತಿರುಗಿ ಕುಡಿಯಬೇಕು. ಮೈಲ್ಸ್ ಮರೆತ. ಖುಷಿಯಲ್ಲಿ ಮೈಮರೆತು ಇಡೀ ಗೋಪುರವನ್ನೇ ಕಿತ್ತು ನೆಲಕ್ಕೆ ಹಾಕಿ, ಒದ್ದೆ ಮುಖ ಹೊತ್ತು, ಸ್ವಂತ ದನಿಯಲ್ಲಿ, “ನಿನ್ನ ಆರೋಗ್ಯಕ್ಕೆ, ಫೆಸ್ಟಸ್!” ಎಂದುಬಿಟ್ಟ.

ಪಿಟೀಲು ಕೂಡ ನಿಂತಿತು.

ಫೆಸ್ಟಸನ ಮುಖದ ನಗು ಬಾಗಿಲು ಹಾಕಿದಂತೆ ಮುಚ್ಚಿಕೊಂಡಿತು. ಅವನೆದುರು ಈಗ ಹುಲ್ಲಿನವನಿರಲಿಲ್ಲ. ಆಣೆ ಇತ್ತು, ತಾಯಿಯ ಸಮಾಧಿ ಇತ್ತು, ಮೈಲ್ಸ್ ಗಾಹನ್ ಇದ್ದ. ಅವನ ತುಟಿ ಒಮ್ಮೆ ಅಲುಗಿತು. ನಿಧಾನವಾಗಿ ಒಲೆಯ ಕಡೆ ಮುಖ ತಿರುಗಿಸಿಕೊಂಡ. ಲೋಟ ಹಿಡಿದ ಮೈಲ್ಸ್ ಕೂತಲ್ಲೇ ಕಲ್ಲಾದ. ತಾನು ಮಾಡಿದ್ದೇನೆಂದು ಅವನಿಗೆ ಆಗ ಹೊಳೆಯಿತು. ಎದ್ದು ಹೋಗಲೇ? ಹೋದರೆ ಇನ್ನು ಬರುವುದಕ್ಕೆ ಹಾದಿಯಿಲ್ಲ, ಬರುವಷ್ಟು ಕಾಲವೂ ಇಲ್ಲ.

ಆಗ ವಿನ್ನಿ ಮದುವೆಯ ಲಂಗ ಎತ್ತಿ ಹಿಡಿದು ದಡದಡನೆ ಬಂದಳು. ನೆಲದ ಮೇಲಿನ ಗೋಪುರ ಎತ್ತಿಕೊಂಡಳು.

“ಏ ಹುಲ್ಲಿನವನೇ, ನಿನ್ ತಲೆ ಬಿದ್ದೋಗಿದೆಯಲ್ಲೋ! ಮೈಮೇಲೆ ಜ್ಞಾನ ಬೇಡ್ವಾ?” ಎಂದು ಗದರಿ ಅದನ್ನು ಮೈಲ್ಸನ ತಲೆಗೆ ಗುದ್ದಿ ಕೂರಿಸಿದಳು. ಅವಸರಕ್ಕೆ ಅದು ಹಿಂದುಮುಂದಾಯಿತು. ಮೈಲ್ಸನಿಗೆ ಈಗ ಕತ್ತಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. “ಅಪ್ಪಾ, ಇಲ್ಲಿ ಯಾರಾದ್ರೂ ಬಂದಿದ್ರಾ? ನಾನಂತೂ ಯಾರನ್ನೂ ನೋಡ್ಲಿಲ್ಲಪ್ಪ. ನೀವು ಯಾರಾದ್ರೂ ನೋಡಿದ್ರಾ?”

“ಇಲ್ಲವಲ್ಲ,” ಎಂದ ಟಾಮ್ ಲಾಂಗನ್, ತನ್ನ ಹುಲ್ಲಿನೊಳಗಿಂದ.

“ಬೆಕ್ಕು ಹೋದಂಗಾಯ್ತು,” ಎಂದಳು ಮೇ ಟೂಲನ್.

ಎಲ್ಲರೂ ಫೆಸ್ಟಸನ ಬೆನ್ನು ನೋಡುತ್ತ ನಿಂತರು. ಒಲೆಯ ಹೆಂಟೆಯೊಂದು ಕುಸಿದು ಕಿಡಿ ಹಾರಿತು. ಫೆಸ್ಟಸ್ ಬಹಳ ಹೊತ್ತು ಕೆಮ್ಮಿದ. ಆಮೇಲೆ ಮೆಲ್ಲಗೆ ಈಚೆ ತಿರುಗಿದ.

“ಹುಲ್ಲಿನವನೇ, ಏನೋ ಮಾತಾಡ್ತಿದ್ವಲ್ಲ?”

“ಬಾತುಕೋಳಿ,” ಎಂದಿತು ಹಿಂದುಮುಂದಾದ ಗೋಪುರ, ಗದ್ಗದ ದನಿಯಲ್ಲಿ.

“ಹೂಂ. ಬೆಟ್ಟದಾಚೆ ಹೋದಾಗ ಆ ಗಾಹನ್‌ಗೆ ಒಂದು ಮಾತು ಹೇಳು. ನಮ್ಮಮ್ಮ ಆ ನಾಯಿ ಮಾತಿಗೆ ಬೇಜಾರು ಮಾಡ್ಕೊಂಡಿರ್ಲಿಲ್ಲ. ಮನೆಗೆ ಬಂದು ನಕ್ಕಿದ್ಲು. ‘ಜೈಲಿಂದ ಬಂದ್ರೂ ಗಂಟಲು ಗಟ್ಟಿಯಾಗಿದೆ ಹುಡುಗಂದು’ ಅಂದ್ಲು. ಬೇಜಾರು ನಂದು. ಅವಳ ಹೆಸರಲ್ಲಿ ನಾನು ಹೊತ್ಕೊಂಡೆ.”

ಮೈಲ್ಸ್ ಏನೂ ಹೇಳಲಿಲ್ಲ. ಇದು ಊರಿನ ಇತಿಹಾಸದಲ್ಲೇ ಮೊದಲು.

“ಹುಲ್ಲಿನವ್ರು ಮದ್ವೆಗಷ್ಟೇ ಬರೋದಾ?” ಎಂದು ಫೆಸ್ಟಸ್ ಕೇಳಿದ. “ಬೇರೆ ದಿನ ಬರಬಾರ್ದು ಅಂತ ಏನಾದ್ರೂ ಕಾನೂನಿದೆಯಾ?”

“ಇದ್ರೆ ಅದು ಇಂಗ್ಲಿಷ್ರು ಮಾಡಿದ್ದಿರ್ಬೇಕು,” ಎಂದ ಮೈಲ್ಸ್.

ಹೀಗೆ ಶುರುವಾದದ್ದು ಆ ತಪಸ್ಸುಕಾಲದಲ್ಲೆಲ್ಲ ನಡೆಯಿತು, ಅದು ಕಳೆದ ಮೇಲೂ ನಡೆಯಿತು. ಭಾನುವಾರದ ಪೂಜೆ ಮುಗಿದು ಊಟವಾದ ಮೇಲೆ, ಹಾಡಹಗಲಲ್ಲಿ, ಮೈತುಂಬ ಹುಲ್ಲು ಸುತ್ತಿಕೊಂಡ ದಪ್ಪ ಮುದುಕನೊಬ್ಬ ಎಡಗಾಲು ಎಳೆಯುತ್ತ ಹೊಳೆ ದಾಟಿ ಹೋಗುತ್ತಿದ್ದ. ದಾರಿಯುದ್ದಕ್ಕೂ ದನಗಳು ಮೆರವಣಿಗೆ ಹೊರಟು ಅವನ ಬೆನ್ನು ಮೇಯುತ್ತಿದ್ದವು. ಒಮ್ಮೆ ಫೆಸ್ಟಸನ ಮನೆ ಮುಟ್ಟುವಷ್ಟರಲ್ಲಿ ಹಿಂಬದಿಯಲ್ಲಿ ಹುಲ್ಲೇ ಉಳಿದಿರಲಿಲ್ಲ. ಎದುರಾದ ಪಾದ್ರಿ ಸೈಕಲ್ಲಿನಿಂದಿಳಿದು, “ಹವೆ ಚೆನ್ನಾಗಿದೆ” ಎಂದು ಆಕಾಶಕ್ಕೆ ಹೇಳಿ ಮುಂದೆ ಹೋದರು. ಮೇ ಟೂಲನ್ ಅಂಗಡಿಯ ಬಾಗಿಲಲ್ಲಿ ನಿಂತು, “ಯಾರೂ ಹೋಗ್ತಿಲ್ಲ ನೋಡು” ಎಂದು ಪಕ್ಕದವಳಿಗೆ ತೋರಿಸುತ್ತಿದ್ದಳು. ಆಲೂಗಡ್ಡೆ ಬಿತ್ತಾಯಿತು. ಗೋರ್ಸ್ ಮುಳ್ಳುಪೊದೆಗಳು ಹಳದಿ ಹೂವಾದವು. ವೈದ್ಯ ಅನುಮಾನಪಟ್ಟಿದ್ದ ಬೇಸಿಗೆಯೂ ಬಂತು. ಫೆಸ್ಟಸ್ ಕಿಟಕಿಯ ಬಳಿ ದಿಂಬಿಗೊರಗಿ ದಾರಿ ಕಾಯುತ್ತಿದ್ದ.

ಜೂನಿನ ಒಂದು ಭಾನುವಾರ ಮೈಲ್ಸ್ ಬೆವರು ಸುರಿಸುತ್ತ ಒಳಗೆ ಬಂದಾಗ ವಿನ್ನಿ, ಅವಳ ಗಂಡ ಹಾಸಿಗೆಯ ಪಕ್ಕ ಕೂತಿದ್ದರು. ಫೆಸ್ಟಸನ ದನಿ ಆ ಹೊತ್ತಿಗೆ ಬಹಳ ಇಳಿದಿತ್ತು, ಆದರೂ ಕತೆ ಹೇಳುತ್ತಿದ್ದ. ತೊಡೆಗೆ ಗುಂಡು ಬಿದ್ದು ತಾನು ಜೌಗಿನಲ್ಲಿ ಬಿದ್ದಿದ್ದ ದಿನದ ಕತೆ.

“…ಸೈನಿಕರು ಹಿಂದೆ, ಮಂಜು ಮುಂದೆ. ನಿಮ್ಮ ಮೈಲ್ಸ್ ಗಾಹನ್ ನನ್ನನ್ನ ಬೆನ್ನ ಮೇಲೆ ಹಾಕ್ಕೊಂಡ. ಇಡೀ ಬೆಟ್ಟ ಹತ್ತಿ ಇಳಿದ. ಹನ್ನೆರಡು ಮೈಲಿ. ಒಂದು ಸಲಾನೂ ಕೆಳಗಿಳಿಸ್ಲಿಲ್ಲ.”

ಮೈಲ್ಸ್ ಬಾಗಿಲಲ್ಲೇ ನಿಂತ. ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಹನ್ನೆರಡು ಮೈಲಿಯಲ್ಲ, ಒಂದು ಮೈಲಿಯೂ ಇರಲಿಲ್ಲ. ಬೆಟ್ಟವಿರಲಿಲ್ಲ. ಬ್ಯಾರೆಟ್ ಮುದುಕಿಯ ಹೆಂಟೆ ಹೊರುವ ಕತ್ತೆಯ ಮೇಲೆ ಫೆಸ್ಟಸನನ್ನು ಚೀಲದಂತೆ ಅಡ್ಡ ಹಾಕಿ, ತಾನು ಪಕ್ಕದಲ್ಲಿ ಅಳುತ್ತ ಓಡಿದ್ದನಷ್ಟೇ.

“ಸುಳ್ಳು!” ಎಂದ ಮೈಲ್ಸ್. “ಶುದ್ಧ ಸುಳ್ಳು! ಬೆನ್ನೂ ಇಲ್ಲ, ಬೆಟ್ಟಾನೂ ಇಲ್ಲ!”

ಫೆಸ್ಟಸ್ ದಿಂಬಿನ ಮೇಲೆ ತಲೆ ಹೊರಳಿಸಿ ಅವನನ್ನು ನೋಡಿದ. ಒಣಗಿದ ಮುಖದಲ್ಲಿ ಕಣ್ಣು ಮಾತ್ರ ಇಪ್ಪತ್ತೈದು ವರ್ಷದ ಹುಡುಗನದು.

“ಯಾಕೆ ಹುಲ್ಲಿನವನೇ, ನೀನಲ್ಲಿದ್ಯಾ?”

ಮೈಲ್ಸನ ಕೈ ಮುಖವಾಡದ ಅಂಚಿಗೆ ಹೋಗಿ ಅಲ್ಲೇ ನಿಂತಿತು. ವಿನ್ನಿ ಏಪ್ರನ್ನಿಗೆ ಮುಖ ಒತ್ತಿಕೊಂಡು ನಗು ತಡೆಯುತ್ತಿದ್ದಳು.

“ಮಳೆ ಬೇರೆ ಸುರೀತಿತ್ತು,” ಎಂದು ಫೆಸ್ಟಸ್ ನಿರಾತಂಕವಾಗಿ ಮುಂದುವರಿಸಿದ. “ಹಾಡು ಹೇಳ್ತಾ ಹೊತ್ಕೊಂಡು ಹೋದ.”

ಮೈಲ್ಸ್ ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತ. ಉಸಿರು ಒಳಗೆಳೆದ.

“ನಾನಿರ್ಲಿಲ್ಲ,” ಎಂದ. “ಆದ್ರೆ ಕತ್ತೆ ಇತ್ತು.”